ಮೂಲೆಯ ಹೆಸರು

ಎಂಜಿನ್ ಆರಿಸಿ ಹತ್ತು ನಿಮಿಷವಾದರೂ ವ್ಯಾಸರಾಜ ಕಾರಿನಿಂದ ಇಳಿಯಲಿಲ್ಲ. ಇಳಿದು ಮಾಡುವುದಾದರೂ ಏನು. ಪ್ಲೆಸೆಂಟನ್ನಿನ ಫೇರ್‌ಗ್ರೌಂಡಿನ ಹಿಂದಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದರೆ ಕಾರ್ನಿವಲ್ಲಿನ ಓಣಿ ಪೂರ್ತಿ ಕಾಣುತ್ತದೆ, ಮಿಡ್‌ವೇ ಅನ್ನುತ್ತಾರೆ ಅದಕ್ಕೆ. ಆ ಓಣಿಯ ತುದಿಗೆ ನಿನ್ನೆ ಸಂಜೆ ಎತ್ತಿ ನಿಲ್ಲಿಸಿದ ಫ್ರಂಟು. ಅದನ್ನು ನೋಡಬಾರದೆಂದು ಬಲಗಡೆ ಜಯಂಟ್ ವ್ಹೀಲಿನ ಕಡೆ ನೋಡಿದ, ಎಡಗಡೆ ಕುರಿಗಳ ಪ್ರದರ್ಶನದ ಶೆಡ್ಡಿನ ಕಡೆ ನೋಡಿದ. ಕಣ್ಣು ಎಲ್ಲ ಸುತ್ತಿ ಬಂದು ಅಲ್ಲೇ ನಿಂತಿತು. ಮುನ್ನೂರು ಅಡಿಯಾದರೂ ದೂರವಿದೆ. ಇಷ್ಟು ದೂರದಿಂದಲೂ ಅದರ ಮೇಲೆ ಬರೆದ ಹೆಂಗಸಿನ ಮುಖ ಮುಖವಾಗಿ ಕಾಣುತ್ತಿದೆಯಲ್ಲ ಎಂದು ಅವನಿಗೆ ಹೊಟ್ಟೆಯಲ್ಲಿ ಸುಟ್ಟಂತಾಯಿತು. ಹೊಟ್ಟೆಯುರಿ ಅನ್ನುವುದು ಬರೀ ಮಾತಲ್ಲ, ನಿಜವಾಗಿ ಉರಿಯುತ್ತದೆ, ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ. ಡಾಕ್ಟರಾದ ಹೆಂಡತಿ ವಸುಧಾ ಅದಕ್ಕೆ ಗುಳಿಗೆ ಕೊಟ್ಟಿದ್ದಳು. ಅದೇ ನೆಪ ಹೇಳಿ ಮೂರು ದಿನ ಅವನು ಕೆಲಸಕ್ಕೆ ಹೋಗಿರಲಿಲ್ಲ. ಕಡೆಯ ಹಲಗೆಗೆ ಕಡೆಯ ಬಣ್ಣ ಬೀಳುವುದನ್ನು ನೋಡಲು ಅವನಿಗೆ ಮನಸ್ಸಿರಲಿಲ್ಲ.

ಫ್ರಂಟು ಅಂದರೆ ಡೇರೆಯ ಮುಂದೆ ನಿಲ್ಲಿಸುವ ಬಣ್ಣದ ಗೋಡೆ. ಅರವತ್ತು ಅಡಿ ಉದ್ದ, ಹದಿನೆಂಟು ಅಡಿ ಎತ್ತರ. ಹನ್ನೊಂದು ಹಲಗೆಗಳಾಗಿ ಮಡಚಿಕೊಂಡು ಒಂದು ಟ್ರೇಲರಿನ ಮೇಲೆ ಕೂರುತ್ತದೆ, ಊರು ಬಂದಾಗ ಬಿಚ್ಚಿಕೊಳ್ಳುತ್ತದೆ. ಡೇರೆಯ ಒಳಗಿರುವುದು ಎರಡು ಕನ್ನಡಿ, ಒಂದು ಹಳೆ ಮೇಜು, ತಲೆ ಮಾತ್ರ ಕಾಣುವಂತೆ ಕೂತು ಆಕಳಿಸುವ ಒಬ್ಬ ಹುಡುಗಿ. ಇರುವ ಮಹಾತ್ಮೆಯೆಲ್ಲ ಹೊರಗಡೆಯದು. ಮರ್ಚಿಸನ್ ಶೋಸ್ ಕಂಪನಿಗೆ ಇದನ್ನು ಮೂವತ್ತನಾಲ್ಕನೇ ಇಸವಿಯಲ್ಲಿ ವಿನ್ಯಾಸ ಮಾಡಿಕೊಟ್ಟವನು ಗ್ರೀಬ್, ಆಗ ಇಪ್ಪತ್ತಾರು ವರ್ಷದವನು. ಮೂವತ್ತು ವರ್ಷ ಟಾರ್ಪಾಲಿನ ಕೆಳಗೆ ಬಿದ್ದಿದ್ದ ಅದನ್ನು ಕಂಪನಿಯವರು ಈ ಸಲ ಹೊರಗೆಳೆದರು, ಈಗಿನ ಜನಕ್ಕೆ ಹಳೆಯದೇ ಹೊಸದು ಅಂತ. ಹಳೆ ಬಣ್ಣವನ್ನು ಕೆರೆದು, ಹೊಸದಾಗಿ ಗೆರೆ ಹಾಕಿ ಬರೆಯಬೇಕು. ಎಪ್ಪತ್ತಾರರ ಗ್ರೀಬನ ಕೈ ನಡುಗುತ್ತದೆ, ಕುಂಚ ನಿಲ್ಲುವುದಿಲ್ಲ. ಮಧ್ಯದ ಹಲಗೆ ಯಾರ ಕೈಗೆ ಹೋಗುತ್ತದೆ ಅನ್ನುವುದೊಂದೇ ಪ್ರಶ್ನೆಯನ್ನು ಇಟ್ಟುಕೊಂಡು ವ್ಯಾಸರಾಜ ಚಳಿಗಾಲವನ್ನೆಲ್ಲ ಕಳೆದಿದ್ದ. ಗ್ರೀಬನ ಶೆಡ್ಡಿನಲ್ಲಿ ಮೂರು ವರ್ಷದಿಂದ ಇದ್ದವನು ತಾನು. ಅಕ್ಷರ ತನ್ನದು, ಬಂಗಾರದ ರೇಕು ಅಂಟಿಸುವುದು ತನ್ನದು, ಮೇಲಿನ ಬಳ್ಳಿ ಸುರುಳಿ ತನ್ನದು. ಇನ್ನಾರ ಕೈಗೆ ಹೋದೀತು.

ಹೋಯಿತು. ಮಧ್ಯದಲ್ಲಿ ಈಗ ನಿಂತಿರುವ ಜೇಡರಾಣಿ ಎಂಟು ತಿಂಗಳ ಕೆಳಗೆ ಶೆಡ್ಡಿಗೆ ಬಂದ ಪುಟ್ಟಸ್ವಾಮಿ ಬರೆದದ್ದು. ಹೆಂಗಸಿನ ತಲೆ, ಜೇಡನ ಮೈ, ಎಂಟು ಕಾಲು, ಕಾರ್ನಿವಲ್ಲಿನವರು ಯಾವ ಕಾಲದಿಂದಲೋ ಬರೆಸಿಕೊಂಡು ಬಂದ ಹಳಸಲು ಚಿತ್ರ. ಎಲ್ಲರೂ ಆಕೆಯನ್ನು ಬಾಯಿ ತೆರೆದು ಕಿರುಚುವಂತೆ ಬರೆಯುತ್ತಾರೆ. ಇವನ ಜೇಡರಾಣಿ ತುಟಿ ಮುಚ್ಚಿಕೊಂಡು, ಗೊತ್ತಿದ್ದೂ ಹೇಳದವಳ ಹಾಗೆ, ಸಣ್ಣಗೆ ನಗುತ್ತಾಳೆ. ಮುಂದಿನ ಎರಡು ಕಾಲಿಗೆ ಹಸಿರು ಬಳೆ ತೊಡಿಸಿದ್ದಾನೆ ಮಹಾರಾಯ. ಕಣ್ಣುಗಳು ಎದುರಿಗಿದ್ದವರನ್ನು ನೋಡುವುದಿಲ್ಲ, ಓರೆಯಾಗಿ ಎಡಕ್ಕೆ ಹೊರಳಿವೆ. ಏನು ನೋಡುತ್ತಿದ್ದಾಳೆ ಇವಳು ಎಂದು ನೋಡುವವನೂ ಕತ್ತು ಎಡಕ್ಕೆ ತಿರುಗಿಸುತ್ತಾನೆ, ಅಲ್ಲಿರುವುದು ಟಿಕೆಟ್ಟಿನ ಗೂಡು. ನನಗೆ ಹೊಳೆಯಲಿಲ್ಲವಲ್ಲ ಇದು, ಎಂದು ವ್ಯಾಸರಾಜ ಸ್ಟೀರಿಂಗಿನ ಮೇಲೆ ಹೆಬ್ಬೆರಳಿನಿಂದ ಒತ್ತಿದ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿದ ನನಗೆ.

ಅವನನ್ನು ತಂದು ಸೇರಿಸಿದವನು ತಾನೇ ಅನ್ನುವುದನ್ನು ನೆನೆದರೆ ಇನ್ನೂ ಉರಿಯುತ್ತದೆ. ಹೋದ ನವೆಂಬರಿನಲ್ಲಿ ವಸುಧಾ ಊಟಕ್ಕೆ ಬಡಿಸುತ್ತ ಹೇಳಿದ್ದಳು: "ಪಾಪ ರೀ, ನಮ್ಮ ಫ್ಲೋರಲ್ಲಿ ಭದ್ರಮ್ಮ ಅಂತ ನರ್ಸ್ ಇದಾರಲ್ಲ, ಅವ್ರ ಹಸ್ಬೆಂಡು. ಮೈಸೂರಲ್ಲಿ ಸಿನಿಮಾ ಬೋರ್ಡ್ ಬರೀತಿದ್ರಂತೆ. ಅಪ್ಪ ನಾಟಕ ಕಂಪನಿಗೆ ಪರದೆ ಬರೀತಿದ್ರಂತೆ. ಇಂಗ್ಲಿಷ್ ಬರಲ್ಲ, ಅಪಾರ್ಟ್‌ಮೆಂಟಲ್ಲಿ ಒಬ್ರೇ ಕೂತು ಕೂತು ಡಿಪ್ರೆಸ್ ಆಗ್ಬಿಟ್ಟಿದಾರೆ. ನಿಮ್ಮ ಶೆಡ್ಡಲ್ಲಿ ಏನಾದ್ರೂ ನೋಡಿ." ಆಗ ಎಷ್ಟು ಹಿತವಾಗಿತ್ತು. ಹೆಂಡತಿಯ ವೀಸಾದ ಬಾಲ ಹಿಡಿದು ಬಂದವನಿಗೆ ಇನ್ನೊಬ್ಬ ಹಾಗೇ ಬಂದವನ ಮೇಲೆ ಕರುಣೆ ತೋರಿಸುವ ಅವಕಾಶ. ತಾನೇ ಅವನ ಅಪಾರ್ಟ್‌ಮೆಂಟಿಗೆ ಹೋಗಿ ಕರೆದುಕೊಂಡು ಬಂದ, ಫ್ರೀವೇಯಲ್ಲಿ ಹೇಗೆ ಲೇನ್ ಬದಲಿಸಬೇಕೆಂದು ಹೇಳಿಕೊಟ್ಟ, ಥರ್ಮಾಸಿನಲ್ಲಿ ಕಾಫಿ ಹಂಚಿಕೊಂಡ. ಮೊದಲ ದಿನ 'ನೀವು' ಅಂದದ್ದು ವಾರದೊಳಗೆ 'ನೀನು' ಆಯಿತು. ಸಲಿಗೆ ಅಂದುಕೊಂಡಿದ್ದ. ಪುಟ್ಟಸ್ವಾಮಿ ಮಾತ್ರ ಎಂಟು ತಿಂಗಳೂ 'ಸಾರ್' ಬಿಟ್ಟು ಬೇರೆ ಮಾತಾಡಲಿಲ್ಲ. ಅವನು ತನ್ನ ಲೋಟವನ್ನು ತಾನೇ ತೊಳೆದು ಬೇರೆಯಾಗಿ ಬೋರಲು ಹಾಕುತ್ತಿದ್ದುದನ್ನು ಕಂಡೂ ಬೇಡ ಅನ್ನದೆ ಸುಮ್ಮನಿದ್ದದ್ದು ವ್ಯಾಸರಾಜನಿಗೆ ಒಮ್ಮೊಮ್ಮೆ ನೆನಪಾಗುತ್ತದೆ. ಈಗ ಯಾಕೆ ನೆನಪಾಗಬೇಕೋ.

ಗ್ರೀಬನಿಗೆ ಗಂಟಲಿನ ಆಪರೇಷನ್ ಆಗಿತ್ತು. ಅವನ ಮಾತು ಬರೀ ಗಾಳಿ. ಬಾಯಿಯ ಹತ್ತಿರ ಕಿವಿಯಿಟ್ಟರೆ ಇಂಗ್ಲಿಷ್ ಬಲ್ಲವನಿಗೇ ಅರ್ಧ ತಿಳಿಯುತ್ತಿತ್ತು. ಪುಟ್ಟಸ್ವಾಮಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಬಣ್ಣಗಳ ಹೆಸರು, ಗುಡ್, ಓಕೆ, ಲಂಚ್. ಹಾಗಾಗಿ ಅವರಿಬ್ಬರ ನಡುವಿನ ಮಾತೆಲ್ಲ ವ್ಯಾಸರಾಜನ ಬಾಯಿಂದಲೇ ಹಾಯಬೇಕಿತ್ತು. ಮೊದಲ ವಾರ ಪುಟ್ಟಸ್ವಾಮಿ ಒಂದು ಡಬ್ಬಿಯಲ್ಲಿ ಕೆಂಪು ಕಲಸಿ ಹಲಗೆಯ ಚೂರಿಗೆ ಬಳಿದು ತೋರಿಸಿದ. ಗ್ರೀಬ್ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಈ ಕೆಂಪನ್ನು ನಾನು ನೋಡಿದ್ದು ಯುದ್ಧಕ್ಕೆ ಮುಂಚೆ. ಇದು ಸತ್ತೇಹೋಯಿತು ಅಂದುಕೊಂಡಿದ್ದೆ. ಹೇಳು ಅವನಿಗೆ," ಎಂದು ಉಸುರಿದ.

"ತಾತ ಏನಂದ್ರು ಸಾರ್?"

"ಕೆಂಪು ಪರವಾಗಿಲ್ಲ ಅಂತೆ," ಅಂದ ವ್ಯಾಸರಾಜ.

ಅವತ್ತು ಅದು ಮೋಸವೇನಲ್ಲ, ಸೋಮಾರಿತನ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅಷ್ಟುದ್ದದ್ದನ್ನೆಲ್ಲ ಯಾರು ಹೇಳುತ್ತ ಕೂರುತ್ತಾರೆ. ಎರಡನೆಯ ಸಲ ಸೋಮಾರಿತನವೂ ಇರಲಿಲ್ಲ. ಮೂರನೆಯ ಸಲದ ಹೊತ್ತಿಗೆ ಮುದುಕ ಬಾಯಿ ತೆರೆಯುವ ಮೊದಲೇ ವ್ಯಾಸರಾಜನೊಳಗೆ ಕತ್ತರಿ ಸಿದ್ಧವಾಗಿರುತ್ತಿತ್ತು. ಬೈದರೆ ಬೈಗುಳವನ್ನು ಪೂರ್ತಿ ಮುಟ್ಟಿಸುತ್ತಿದ್ದ. ಹೊಗಳಿದರೆ 'ಓಕೆ ಅಂತೆ.' ಆಮೇಲೆ ಆದದ್ದು ಇನ್ನೂ ಘೋರ. ಓಕೆ ಅನ್ನಿಸಿಕೊಂಡ ಪುಟ್ಟಸ್ವಾಮಿ ಮನೆಗೆ ಹೋಗದೆ ಮತ್ತೆ ಡಬ್ಬಿ ಹಿಡಿದು ಕೂರುತ್ತಿದ್ದ. "ನಂಗೂ ಅನ್ನಿಸ್ತು ಸಾರ್, ಇನ್ನೊಂದ್ ಚೂರು ಹಳ್ದಿ ಬೇಕಿತ್ತು," ಅನ್ನುತ್ತಿದ್ದ. ಮರುದಿನದ ಕೆಂಪು ಹಿಂದಿನ ದಿನದ್ದಕ್ಕಿಂತ ಉರಿಯುತ್ತಿತ್ತು. ಗ್ರೀಬ್ ಇನ್ನಷ್ಟು ಹೊಗಳುತ್ತಿದ್ದ, ವ್ಯಾಸರಾಜ ಇನ್ನಷ್ಟು ಕತ್ತರಿಸುತ್ತಿದ್ದ. ಹೊಗಳಿಕೆ ಸಿಕ್ಕಿದ್ದರೆ ಆ ಮನುಷ್ಯ ಅಲ್ಲಿಗೇ ನಿಲ್ಲುತ್ತಿದ್ದನೋ ಏನೋ. ತಾನೇ ಅವನನ್ನು ಮೇಲಕ್ಕೆ ತಳ್ಳಿದೆನೇ ಅನ್ನುವ ಯೋಚನೆ ಬಂದು ವ್ಯಾಸರಾಜ ಕಾರಿನೊಳಗೆ ಒಬ್ಬನೇ ಕೂತು ನಕ್ಕ. ಚೆನ್ನಾಗಿತ್ತು ಬುದ್ಧಿ.

ಮಾರ್ಚಿನಲ್ಲಿ ಗ್ರೀಬ್ ಇಬ್ಬರಿಗೂ ಮಧ್ಯದ ಹಲಗೆಯ ನಕ್ಷೆ ಬರೆದು ತರಲು ಹೇಳಿದ, ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ. ವ್ಯಾಸರಾಜ ಎರಡು ವಾರ ಊಟದ ಮೇಜನ್ನೇ ಆಕ್ರಮಿಸಿಕೊಂಡು ಬರೆದ. ಜೇಡರಾಣಿಯ ಕೂದಲಿನ ಎಳೆ ಎಳೆ ಎಣಿಸಬಹುದಾಗಿತ್ತು. ವಸುಧಾ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸೋಫಾದ ಮೇಲೆ ಉಂಡಳು, ಗೊಣಗಲಿಲ್ಲ. ಪುಟ್ಟಸ್ವಾಮಿ ಆ ಎರಡು ವಾರ ಏನೂ ಬರೆಯಲಿಲ್ಲ. ಮಧ್ಯಾಹ್ನ ಖಾಲಿ ಫೇರ್‌ಗ್ರೌಂಡಿಗೆ ಹೋಗಿ ಗೇಟಿನಿಂದ ಓಣಿಯ ತುದಿಯವರೆಗೆ ನಡೆಯುತ್ತಿದ್ದನಂತೆ, ಮತ್ತೆ ವಾಪಸು, ಮತ್ತೆ ಗೇಟಿನಿಂದ. ಏನು ಮಾಡ್ತಿದೀಯ ಅಂದರೆ, "ಕಾಲು ಎಲ್ಲಿ ನಿಧಾನ ಆಯ್ತದೆ ನೋಡ್ತಿದೀನಿ ಸಾರ್" ಅಂದಿದ್ದ. ಕಡೆಯ ದಿನ ಕಂದು ಕಾಗದದ ಮೇಲೆ ಇದ್ದಿಲಿನಲ್ಲಿ ಹತ್ತೋ ಹನ್ನೆರಡೋ ಗೆರೆ ಎಳೆದು ತಂದ. ಮುಖ, ಹೊರಳಿದ ಕಣ್ಣು, ಬಳೆ. ಗ್ರೀಬ್ ಎರಡನ್ನೂ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಿಂದೆ ಹಿಂದೆ ನಡೆದ, ಬಾಗಿಲು ದಾಟಿದ, ರಸ್ತೆ ಮುಟ್ಟಿದ. ಅಲ್ಲಿ ನಿಂತು ಮುಷ್ಟಿಯನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿದುಕೊಂಡ. ಪಕ್ಕದಲ್ಲಿ ನೋಡಿದರೆ ಪುಟ್ಟಸ್ವಾಮಿಯೂ ಮುಷ್ಟಿಯನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದಿದ್ದಾನೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇಬ್ಬರೂ ಹಾಗೆ ನಿಂತು ಸುಮ್ಮನೆ ನೋಡುತ್ತಿದ್ದರು, ಅವರಿಗೆ ವ್ಯಾಸರಾಜನ ಬಾಯಿ ಬೇಕಾಗಿರಲಿಲ್ಲ. ಅವನಿಗೆ ಜೀವನದಲ್ಲಿ ಅಷ್ಟು ಒಂಟಿ ಎಂದೂ ಅನ್ನಿಸಿರಲಿಲ್ಲ. ತಾನೂ ಮುಷ್ಟಿ ಎತ್ತಬೇಕೆಂದುಕೊಂಡ, ನಾಚಿಕೆಯಾಗಿ ಕೈ ಜೇಬಿಗೆ ಹಾಕಿಕೊಂಡ.

ಅವನ ನಕ್ಷೆಯ ಬಗ್ಗೆ ಗ್ರೀಬ್ ಹೇಳಿದ್ದು ಇಷ್ಟು: "ಚೆಂದದ ಚಿತ್ರ. ಮನೆಯ ಗೋಡೆಗೆ ಹಾಕಿಕೋ." ಆಮೇಲೆ ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡು, "ಮಧ್ಯದ್ದು ಅವನು ಬರೆಯಲಿ. ಬರೆದು ಅವನ ಹೆಸರು ಹಾಕಲಿ. ಕೆಳಗೆ ಬಲಗಡೆ ಮೂಲೆಯಲ್ಲಿ, ನನ್ನ ಹೆಸರಿರುವ ಜಾಗದಲ್ಲಿ. ಆ ಜಾಗ ನಾನು ಇದುವರೆಗೆ ಯಾರಿಗೂ ಕೊಟ್ಟಿಲ್ಲ. ಇದನ್ನು ಸರಿಯಾಗಿ ಹೇಳು ಅವನಿಗೆ," ಅಂದ. ಅವತ್ತು ಮಧ್ಯಾಹ್ನವೇ ಮುದುಕ ಮಂಡಿಯೂರಿ ಕೂತು ತನ್ನ ಐವತ್ತು ವರ್ಷದ ಹೆಸರನ್ನು ತಾನೇ ಕೆರೆದು ತೆಗೆದ.

"ಮಧ್ಯದ್ದು ನೀನು ಬರೀಬೇಕಂತೆ," ಅಂದಿದ್ದ ವ್ಯಾಸರಾಜ. ಅಷ್ಟೇ. ಹೆಸರಿನ ಮಾತನ್ನು ನುಂಗಿದ್ದ. ಅದು ಗಂಟಲಲ್ಲೇ ಉಳಿದಿದೆ ಅನ್ನುವುದು ಅವನಿಗೆ ದಿನಾ ಗೊತ್ತಾಗುತ್ತಿತ್ತು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು. ಏಪ್ರಿಲ್ಲಿನಲ್ಲಿ ಪಾಲೋ ಆಲ್ಟೋದ ಆನಂದತೀರ್ಥನ ಮನೆಯಲ್ಲಿ ಯುಗಾದಿ ಪಾಟ್‌ಲಕ್ಕು, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ. ಬಿಸಿಬೇಳೆಭಾತಿನ ತಟ್ಟೆ ಹಿಡಿದ ಆನಂದತೀರ್ಥ, ಕಂಪ್ಯೂಟರಿನವನು, "ಶೋ ಡಿಸೈನ್ ಅಂದ್ರೆ ಎಕ್ಸಾಕ್ಟ್ಲಿ ಏನ್ರೀ? ಟ್ರೇಡ್ ಶೋ ಬೂತ್ ತರಹಾನಾ?" ಎಂದು ಕೇಳಿದ. ಶೋ ಡಿಸೈನ್ ಅನ್ನುವುದು ವಸುಧಾ ಎಲ್ಲರಿಗೂ ಹೇಳುತ್ತಿದ್ದ ಮಾತು. ವ್ಯಾಸರಾಜ "ಹೂಂ, ಹೆಚ್ಚುಕಮ್ಮಿ ಹಂಗೇ" ಅಂದು ಹಪ್ಪಳ ಮುರಿದ. ಮನೆಗೆ ಬರುತ್ತ ತಾನು ತಿರುಗಬೇಕಾದ ಡ್ಯಾನ್‌ವಿಲ್ಲಿನ ಎಕ್ಸಿಟ್ ತಪ್ಪಿಸಿಕೊಂಡು ಮುಂದೆ ಹೋದ. ಯಾವುದಾದರೂ ಒಂದು ಕಡೆ, ಯಾವುದಾದರೂ ಒಂದು ಮೂಲೆಯಲ್ಲಿ, ನನ್ನ ಹೆಸರು ಇದ್ದಿದ್ದರೆ, ಅನ್ನಿಸಿತ್ತು ಅವತ್ತು.

ಸರಿ, ಇಳಿಯೋಣ ಎಂದು ಇಳಿದ. ಓಣಿಯಲ್ಲಿ ಆಗಲೇ ಸಕ್ಕರೆ ಸುಟ್ಟ ವಾಸನೆ, ಗೊಂಬೆಗಳನ್ನು ನೇತುಹಾಕುತ್ತಿದ್ದವರು, ನೀರು ಚಿಮುಕಿಸುವ ಟ್ರಕ್ಕು. ಫ್ರಂಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ಕಾಲು ನಿಧಾನವಾಯಿತು. ಅವನು ಅದನ್ನು ಗಮನಿಸಿ ಹಲ್ಲು ಕಚ್ಚಿಕೊಂಡ. ಬೇಕೆಂದೇ ಮೇಲಿನ ತನ್ನ ಬಳ್ಳಿ ಸುರುಳಿಗಳನ್ನು ನೋಡಿದ. ಚೊಕ್ಕವಾಗಿದ್ದವು, ಯಾರೂ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ, ಮತ್ತು ಯಾರೂ ಅವನ್ನು ನೋಡುವುದಿಲ್ಲ. ಕಣ್ಣು ಕೆಳಗಿಳಿಯಿತು. ಬಳೆ. ಜೇಡನ ಕಾಲು. ಬಲಗಡೆಯ ಕೆಳಮೂಲೆ. ಅಲ್ಲಿ ಹಳದಿಯಲ್ಲಿ, ಕಪ್ಪು ನೆರಳು ಕೊಟ್ಟು, ದುಂಡು ದುಂಡಾದ ಕನ್ನಡ ಅಕ್ಷರದಲ್ಲಿ, ವ್ಯಾಸರಾಜ ಎಂದು ಬರೆದಿತ್ತು.

ಏಣಿಯ ಮೇಲೆ ನಿಂತು ಬೋಲ್ಟಿನ ತಲೆಗಳಿಗೆ ಬಣ್ಣ ಮುಟ್ಟಿಸುತ್ತಿದ್ದ ಪುಟ್ಟಸ್ವಾಮಿ ಇವನನ್ನು ಕಂಡು ಇಳಿದು ಬಂದ. "ಹೊಟ್ಟೆ ನೋವು ಹೆಂಗದೆ ಸಾರ್?"

"ಏನಿದು?"

"ನಿಮ್ಮ ಹೆಸ್ರು ಸಾರ್." ಪುಟ್ಟಸ್ವಾಮಿ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಮೊದ್ಲು ಅಲ್ಲಿ ತಾತನ ಹೆಸ್ರಿತ್ತಲ್ವಾ, ಯಜಮಾನ್ರು ಅಂತ. ಅವ್ರೇ ಕೆರೆದು ತೆಗೆದ್ಮೇಲೆ ಜಾಗ ಬೋಳಾಗಿ ಕಾಣ್ತಿತ್ತು. ನಮ್ಮಪ್ಪನ ಕಂಪ್ನೀಲೂ ಹಂಗೇ ಸಾರ್, ಪರದೆ ಯಾರು ಮಾಡಿಸಿಕೊಟ್ರೋ ಅವ್ರ ಹೆಸ್ರನ್ನ ಮೂಲೇಲಿ ಬರೀತಿದ್ರು. ಇಂಥೋರ ಸೇವೆ ಅಂತ. ನನ್ನ ಇಲ್ಲಿಗೆ ಕರ್ಕಂಡ್ ಬಂದು ಕೆಲಸ ಕೊಡಿಸಿದ್ದು ನೀವು. ಅದಕ್ಕೇ."

"ಬರೆದವನ ಹೆಸರು?"

"ಬರೆದೋನ ಹೆಸ್ರು ಯಾರು ಹಾಕ್ತಾರೆ ಸಾರ್," ಎಂದು ಪುಟ್ಟಸ್ವಾಮಿ ನಕ್ಕ. "ನಮ್ಮಪ್ಪ ನೂರಾರು ಪರದೆ ಬರೆದ್ರು. ಒಂದ್ರಲ್ಲೂ ಇಲ್ಲ."

ಆ ಹೊತ್ತಿನಲ್ಲಿ ವ್ಯಾಸರಾಜನಿಗೆ ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು, ಅದೂ ಸಣ್ಣದಾಗಿ. ಮೊದಲು ಬಂದದ್ದು ಶುದ್ಧ ಸಂತೋಷ, ಮೈಯೆಲ್ಲ ಹಗುರವಾಗುವಂಥದ್ದು. ಅಕ್ಷರಗಳು ಸುಂದರವಾಗಿದ್ದವು, ತಾನು ಬರೆದಿದ್ದರೆ 'ವ್ಯಾ'ದ ಬಾಲ ಅಷ್ಟು ಚೆಲುವಾಗಿ ಹೊರಳುತ್ತಿರಲಿಲ್ಲ. ಆಮೇಲೆ ತಲೆ ತಾನಾಗಿ ಕೆಲಸ ಮಾಡಲು ಶುರು ಮಾಡಿತು. ಗ್ರೀಬ್ ಕನ್ನಡ ಓದಲಾರ. ಮೂಲೆಯಲ್ಲಿ ಅಕ್ಷರ ನೋಡಿ, ಅವನು ತನ್ನ ಭಾಷೆಯಲ್ಲಿ ಹೆಸರು ಹಾಕಿದ್ದಾನೆ ಅಂದುಕೊಂಡು ಸಮಾಧಾನವಾಗುತ್ತಾನೆ. ಕನ್ನಡ ಓದಬಲ್ಲವರು ತನ್ನ ಹೆಸರು ಓದುತ್ತಾರೆ. ಇಬ್ಬರಿಗೂ ನಷ್ಟವಿಲ್ಲ. ಕೊಟ್ಟವನೇ ಕೈಯಾರೆ ಕೊಟ್ಟಿದ್ದಾನೆ, ತಾನು ಕದ್ದಿಲ್ಲ. ಪುಟ್ಟಸ್ವಾಮಿಯ ಪೆಟ್ಟಿಗೆಯಲ್ಲಿ ಕೆಂಪು ಇತ್ತು, ಎರಡು ಸಲ ಕುಂಚ ಆಡಿಸಿದರೆ ಹೆಸರು ಮುಚ್ಚಿಹೋಗುತ್ತಿತ್ತು. ವ್ಯಾಸರಾಜ ಕುಂಚ ಎತ್ತಿಕೊಂಡ ಕೂಡ. ಎರಡು ಗಂಟೆಗೆ ವಸುಧಾ ಬರುತ್ತಾಳೆ, ಆನಂದತೀರ್ಥನ ಕಾರಿನಲ್ಲಿ, ಅವನ ಹೆಂಡತಿ ಜಲಜಾಳ ಜೊತೆ. ಅವರೊಂದು ಸಲ ನೋಡಿಕೊಂಡು ಹೋಗಲಿ, ನಾಲ್ಕು ಗಂಟೆಗೆ ಅಳಿಸಿದರಾಯಿತು ಎಂದುಕೊಂಡು ಕುಂಚವನ್ನು ಇದ್ದಲ್ಲೇ ಇಟ್ಟ.

ಅವರು ಬಂದಾಗ ಓಣಿ ತುಂಬಿತ್ತು. ಮೊದಲು ಕಂಡವಳು ಜಲಜಾ. "ಅಯ್ಯೋ ನೋಡ್ರೀ, ಕನ್ನಡ," ಅಂದಳು. ವಸುಧಾ ಬಾಗಿ ಓದಿದಳು. ಓದಿ ನೆಟ್ಟಗೆ ನಿಂತು ಅವನ ಕಡೆ ನೋಡಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಮುಖವನ್ನು ಅವನು ಎರಡೋ ಮೂರೋ ಸಲ ಕಂಡಿದ್ದ, ಅದರಲ್ಲೊಂದು ಅವಳ ಡಾಕ್ಟರಿಕೆಯ ಬೋರ್ಡ್ ಪರೀಕ್ಷೆಯ ಫಲಿತಾಂಶ ಬಂದ ದಿನ. ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಜೇಡರಾಣಿಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಒಂದ್ಸಲಾನೂ ಹೇಳ್ಲಿಲ್ವಲ್ಲ ನೀವು. ಬರೀ ಬಾರ್ಡರ್ ಮಾಡ್ತೀನಿ ಅಂತಿದ್ರಿ." ಆನಂದತೀರ್ಥ, "ಫೆಂಟಾಸ್ಟಿಕ್ ಕಣ್ರೀ. ಆ ಕಣ್ಣು ನೋಡಿ, ನಾನಾಗ್ಲೇ ಟಿಕೆಟ್ ಕೌಂಟರ್ ಕಡೆ ಹೋಗ್ತಿದ್ದೆ," ಅಂದ. ಎಂಟು ತಿಂಗಳಿಂದ ಬೇಕಾಗಿದ್ದದ್ದು ಇದೇ. ಕಿವಿಯಲ್ಲಿ ಬಿದ್ದದ್ದು ಎದೆಗೆ ಇಳಿಯಲಿಲ್ಲ. ಅವರು ಹೊಗಳುತ್ತಿರುವ ಕಣ್ಣು ಪುಟ್ಟಸ್ವಾಮಿಯದು, ಆ ಹೊಗಳಿಕೆಯೂ ಅವನಿಗೇ ಹೋಯಿತು, ತನ್ನ ಹೆಸರಿದ್ದೂ ಅವನಿಗೇ ಹೋಯಿತು. ವ್ಯಾಸರಾಜನಿಗೆ ಮತ್ತೆ ಹೊಟ್ಟೆ ಉರಿಯಿತು.

"ಇದು ನಾನು ಬರೆದದ್ದಲ್ಲ," ಅಂದ. "ಪುಟ್ಟಸ್ವಾಮಿ ಬರೆದದ್ದು."

"ಸಾರ್ ಇಲ್ದಿದ್ರೆ ಇದೆಲ್ಲಿರ್ತಿತ್ತು ಬಿಡಿ ಅಮ್ಮ," ಅಂದ ಪಕ್ಕದಲ್ಲಿದ್ದ ಪುಟ್ಟಸ್ವಾಮಿ, ಮರ್ಯಾದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು.

"ನೋಡಿದ್ರಾ, ಟೀಮ್‌ಗೆ ಕ್ರೆಡಿಟ್ ಕೊಡೋದು ಅಂದ್ರೆ ಇದು," ಅಂದ ಆನಂದತೀರ್ಥ ಹೆಂಡತಿಗೆ. "ನಮ್ಮ ಮ್ಯಾನೇಜರ್ ಕಲೀಬೇಕು."

ಹೇಳಿದ್ದಾಯಿತಲ್ಲ, ನಂಬದಿದ್ದರೆ ನಾನೇನು ಮಾಡಲಿ, ಎಂದು ವ್ಯಾಸರಾಜ ಅಂದುಕೊಂಡ. ನಿಜ ಹೇಳಿದ ಪುಣ್ಯವೂ ಬಂತು, ಹೆಸರೂ ಉಳಿಯಿತು. ಅಷ್ಟರಲ್ಲಿ ಜನರ ನಡುವೆ ದಾರಿ ಮಾಡಿಕೊಂಡು ಗ್ರೀಬ್ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೋಲು ಹಿಡಿದು. ಯಾರನ್ನೂ ಮಾತಾಡಿಸದೆ ಎದುರುಬದಿಯ ಅಂಗಡಿ ಮುಟ್ಟುವವರೆಗೆ ಹಿಂದೆ ಹಿಂದೆ ನಡೆದು, ಮುಷ್ಟಿ ಕಣ್ಣಿಗೆ ಹಿಡಿದು ನಿಂತ. ಬಹಳ ಹೊತ್ತು ನಿಂತ. ಆಮೇಲೆ ಹತ್ತಿರ ಬಂದು ಮೂಲೆಯ ಅಕ್ಷರಗಳನ್ನು ಬೆರಳಿನಿಂದ ಸವರಿದ. ವ್ಯಾಸರಾಜ ಹೆಂಡತಿಯನ್ನು ಪರಿಚಯ ಮಾಡಿಸಿದ, ಮಾಡಿಸದೆ ವಿಧಿಯಿರಲಿಲ್ಲ.

ವಸುಧಾ ಡಾಕ್ಟರು. ಕೆಟ್ಟ ಗಂಟಲಿನವರ ಮಾತು ಕೇಳುವುದು ಅವಳಿಗೆ ದಿನದ ಕೆಲಸ. ಮುದುಕ ಉಸುರಿದ್ದು ವ್ಯಾಸರಾಜನಿಗಿಂತ ಮೊದಲು ಅವಳಿಗೇ ತಿಳಿಯಿತು. "ನೀವು ಇದನ್ನು ಓದಬಲ್ಲಿರಾ?" ಎಂದು ಅವನು ಅವಳನ್ನು ಕೇಳಿದ. "ಎಂಟು ತಿಂಗಳಿಂದ ಆ ಮನುಷ್ಯನನ್ನು ಪುಟಿ ಅಂತ ಕರೆಯುತ್ತಿದ್ದೇನೆ. ನನಗೆ ನಾಚಿಕೆಯಾಗುತ್ತದೆ. ಇಲ್ಲಿ ಬರೆದಿರುವ ಹಾಗೆ ಸರಿಯಾಗಿ ಹೇಳಿಕೊಡಿ, ಕಲಿಯುತ್ತೇನೆ."

ವ್ಯಾಸರಾಜ ಅಡ್ಡ ಬರುವಷ್ಟರಲ್ಲಿ ಅವಳು ಮೂಲೆಗೆ ಬಾಗಿದ್ದಳು.

"ವ್ಯಾಸರಾಜ," ಎಂದು ಓದಿದಳು ವಸುಧಾ, ನಗುತ್ತ, ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಬಿಡಿಸಿ.

"ಅದು ಇವನ ಹೆಸರು," ಅಂದ ಗ್ರೀಬ್. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ವ್ಯಾಸರಾಜನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ಕೆಲಸದ ಬಗ್ಗೆ ವಿಚಾರಿಸುವ ಹಾಗೆ ಕೇಳಿದ. "ಮಾರ್ಚಿನಲ್ಲಿ ನಾನು ಹೇಳಿದ್ದನ್ನು ನೀನು ಅವನಿಗೆ ಹೇಳಿದೆಯಾ?"

ಎಂಟು ತಿಂಗಳಲ್ಲಿ ಮೊದಲ ಸಲ ಅವನನ್ನು ಬಿಟ್ಟು ಎರಡೂ ಭಾಷೆ ಬಲ್ಲ ಇನ್ನೂ ಮೂರು ಜನ ಅಲ್ಲಿ ನಿಂತಿದ್ದರು. ಯಾವ ಭಾಷೆಯಲ್ಲಿ ಏನನ್ನು ಕತ್ತರಿಸಿದರೂ ಚೂರು ಕೆಳಗೆ ಬೀಳುವುದು ಅವರಿಗೆ ಕಾಣುತ್ತಿತ್ತು. ವಸುಧಾ ಮುದುಕನನ್ನು ಏನು ಹೇಳಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಅವನು ಹೇಳಿದ. ಅವಳು ಗಂಡನ ಮುಖವನ್ನು ಒಮ್ಮೆ ನೋಡಿದಳು. ರೋಗಿ ಮುಚ್ಚಿಡುವುದನ್ನು ಕಂಡುಹಿಡಿಯುವ ನೋಟ ಅದು, ಒಮ್ಮೆ ಸಾಕು. ಆನಂದತೀರ್ಥ ಹೆಂಡತಿಯ ಮೊಣಕೈ ಮುಟ್ಟಿ, "ನಾವು ಲೆಮನೇಡ್ ತರ್ತೀವಿ," ಎಂದು ಹೊರಟುಬಿಟ್ಟ.

"ಪುಟ್ಟಸ್ವಾಮಿ," ಅಂದಳು ವಸುಧಾ. "ಅಲ್ಲಿ ನಿಮ್ಮ ಹೆಸರು ಬರೀಬೇಕು ಅಂತ ಮಾರ್ಚಲ್ಲೇ ಹೇಳಿದ್ರಂತೆ. ಅದು ಅವರ ಹೆಸರಿದ್ದ ಜಾಗ, ಬೇರೆ ಯಾರಿಗೂ ಕೊಟ್ಟಿಲ್ಲವಂತೆ. ನಿಮಗೆ ಅಂತಲೇ ಕೆರೆದು ತೆಗೆದದ್ದಂತೆ."

"ನಂದಾ? ನನ್ನ ಹೆಸ್ರ್ಯಾಕಮ್ಮ?"

"ಬರೆದವರು ನೀವಲ್ವಾ."

ಪುಟ್ಟಸ್ವಾಮಿ ವ್ಯಾಸರಾಜನ ಕಡೆ ನೋಡಿದ. ಎಂಟು ತಿಂಗಳಿಂದ ನೋಡುತ್ತಿದ್ದ ಹಾಗೆಯೇ, ತಾತ ಏನಂದರು ಎಂದು ಕೇಳುವವನ ಹಾಗೆ. "ಹೌದಾ ಸಾರ್?"

"ಹೌದು. ಹೇಳಿದ್ರು," ಅಂದ ವ್ಯಾಸರಾಜ. "ನಾನು ಹೇಳ್ಲಿಲ್ಲ."

ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು, ಹೊಟ್ಟೆಕಿಚ್ಚು ಎಂದು ಹೇಳಿಬಿಡುತ್ತಿದ್ದ. ಪುಟ್ಟಸ್ವಾಮಿ ಕೇಳಲಿಲ್ಲ. ಬಣ್ಣ ಒರೆಸುವ ಬಟ್ಟೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ಕುಂಚದ ಪೆಟ್ಟಿಗೆಯ ಕಡೆ ಹೋಗುತ್ತಾನೆ, ಈಗಲೇ ಅಳಿಸುತ್ತಾನೆ ಎಂದು ವ್ಯಾಸರಾಜ ಕಾದ. ಅವನು ಹೋಗಲಿಲ್ಲ. ವಸುಧಾಳ ಎದುರು ಬಂದು ನಿಂತ.

"ಅಮ್ಮಾ, ತಾತ ಇಷ್ಟು ದಿನದಲ್ಲಿ ನನ್ನ ಕೆಲಸದ ಬಗ್ಗೆ ಬೇರೆ ಏನಾದ್ರೂ ಅಂದಿದ್ರಾ? ಒಂದ್ಸಲ ಕೇಳ್ತೀರಾ?"

ವಸುಧಾ ಕೇಳಿದಳು. ಗ್ರೀಬ್ ಟಿಕೆಟ್ಟಿನ ಗೂಡಿನ ಮೆಟ್ಟಿಲ ಮೇಲೆ ಕೂತುಕೊಂಡ, ಉಸಿರು ಕೂಡಿಸಿಕೊಂಡ, ಹೇಳಲು ತೊಡಗಿದ. ಮೊದಲ ವಾರದ ಕೆಂಪಿನಿಂದ. ಅವನು ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದ, ಅವಳು ಒಂದೊಂದೇ ಕನ್ನಡಕ್ಕೆ ತರುತ್ತಿದ್ದಳು, ಒಂದು ಪದವನ್ನೂ ಬಿಡದೆ, ಆಸ್ಪತ್ರೆಯಲ್ಲಿ ರಿಪೋರ್ಟು ಓದುವ ನಿಧಾನದಲ್ಲಿ. ಪುಟ್ಟಸ್ವಾಮಿ ಕೈ ಕಟ್ಟಿಕೊಂಡು ಕೇಳುತ್ತಿದ್ದ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಅವನು ಕಣ್ಣು ಮುಚ್ಚಿಕೊಂಡ. ವ್ಯಾಸರಾಜ ಅಲ್ಲಿಂದ ಹೋಗಬಹುದಾಗಿತ್ತು, ಯಾರೂ ಹಿಡಿದಿರಲಿಲ್ಲ. ಹೋಗಲಿಲ್ಲ. ಈ ಮಾತುಗಳೆಲ್ಲ ತನಗೆ ಬಾಯಿಪಾಠವಾಗಿವೆ ಎಂದು ಆಗ ಅವನಿಗೆ ಗೊತ್ತಾಯಿತು. ಅಸೂಯೆಯಷ್ಟು ಚೆನ್ನಾಗಿ ಇನ್ನೇನೂ ನೆನಪಿಟ್ಟುಕೊಳ್ಳುವುದಿಲ್ಲ. ಮುಂದಿನ ವಾಕ್ಯ ಯಾವುದೆಂದು ಮುದುಕ ಬಾಯಿ ತೆರೆಯುವ ಮೊದಲೇ ಅವನಿಗೆ ತಿಳಿಯುತ್ತಿತ್ತು. ಈಗಲೂ ಅದು ತನಗೆ ಹೇಳಿದ್ದಾಗಿರಬಾರದಿತ್ತೇ ಎಂದು ಸುಡುತ್ತಿತ್ತು.

ಒಂದು ಕಡೆ ವಸುಧಾ ತಡೆದಳು. ಅಭ್ಯಾಸದಿಂದಲೋ, ಬೇರೆ ಯಾರೂ ಇಲ್ಲದ್ದರಿಂದಲೋ, ಗಂಡನ ಕಡೆ ತಿರುಗಿದಳು. "ಕಟ್ಸ್ ಇನ್ ಅಂತಾರೆ. ಹಂಗಂದ್ರೆ ಏನು?"

"ಅಂಚು ಹಿಡಿಯೋದು," ಅಂದ ವ್ಯಾಸರಾಜ. "ಪುಟ್ಟಸ್ವಾಮಿ ಒಂದೇ ಎಳೆತಕ್ಕೆ ಅಂಚು ಹಿಡೀತಾರೆ, ಎರಡನೇ ಸಲ ಕುಂಚ ಮುಟ್ಟಿಸಲ್ಲ ಅಂತ ಹೇಳು. ಐವತ್ತು ವರ್ಷದಲ್ಲಿ ಇಂಥ ಕೈ ಇನ್ನೊಂದು ನೋಡಿಲ್ಲ, ತಮ್ಮ ಕೈಯೂ ಹೀಗಿರಲಿಲ್ಲ ಅಂತಾರೆ ಅಂತ ಹೇಳು."

"ಅದನ್ನ ಅವರು ಈಗ ಹೇಳ್ಲಿಲ್ಲವಲ್ಲ," ಅಂದಳು ವಸುಧಾ.

"ಜನವರಿಯಲ್ಲಿ ಹೇಳಿದ್ರು."